ಮೂರೇ ನಿಮಿಷದಲ್ಲಿ ಕೆರೆ ತುಂಬಿಸಿಕೊಡಲಾಗುವುದು

ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಹೇಳಿತು. ಎತ್ತಿನಹೊಳೆಯ ಅಂದಾಜು 23 ಸಾವಿರ ಕೋಟಿ ದಾಟಿತು. ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಬಾಗಿನ ಬಿಟ್ಟಿದ್ದೂ ಆಯಿತು. ಶಿರಾ, ಪಾವಗಡದವರು ಭದ್ರೆಯ ದಾರಿ ನೋಡುತ್ತಾ, ಕೊರಟಗೆರೆ, ಮಧುಗಿರಿಯವರು ಎತ್ತಿನಹೊಳೆಯ ದಾರಿ ನೋಡುತ್ತಾ ಕೂತಿರುವ ಈ ಹೊತ್ತಿನಲ್ಲಿ, ಇಷ್ಟೆಲ್ಲ ಕೋಟಿಗಳ ಕೈಯಲ್ಲಿ ಆಗದ ಕೆಲಸವನ್ನು ತಾಲ್ಲೂಕು ಕಚೇರಿ ಎದುರಿನ ಫ್ಲೆಕ್ಸ್ ಅಂಗಡಿಯ ಹುಡುಗ ಮಾಡಿ ಮುಗಿಸಿದ್ದಾನೆ. ಒಣಗಿದ ಕೆರೆಯ ಫೋಟೋ ವಾಟ್ಸ್ಆ್ಯಪ್‌ ಮಾಡಿದರೆ ಸಾಕು. ಕೃತಕ ಬುದ್ಧಿಮತ್ತೆ (ಎಐ) ಕೈಯಾಡಿಸಿದರೆ ಜಾಲಿ ಮಾಯ, ಬಿರುಕು ಮಾಯ, ತೂಬಿನವರೆಗೆ ನೀಲಿ ನೀರು.

"ಅಣ್ಣ, ಕೋಡಿ ಬೀಳಿಸ್ಲಾ, ಮುಕ್ಕಾಲು ಸಾಕಾ?"

"ಮುಕ್ಕಾಲು ಸಾಕು ಕಣೋ. ಕೋಡಿ ಬಿದ್ರೆ ಆಮೇಲೆ ಬರ ಪರಿಹಾರ ಕೇಳೋಕಾಗಲ್ಲ."

"ಬಾತುಕೋಳಿ ಹಾಕ್ಲಾ?"

"ಬಾತುಕೋಳಿ ಯಾಕ್ಲಾ? ಎರಡು ಎಮ್ಮೆ ಹಾಕು. ನಂಬ್ತಾರೆ."

ಈ ಕೊನೆಯ ಮಾತಿನಲ್ಲಿ ಇಡೀ ವಿದ್ಯೆಯ ಗುಟ್ಟಿದೆ. ಸುಳ್ಳು ಚಂದ ಇದ್ದರೆ ಸಾಲದು, ನಮ್ಮೂರಿನದೇ ಅನ್ನಿಸಬೇಕು. ಕೃತಕ ಬುದ್ಧಿಮತ್ತೆಯ ನೈತಿಕತೆ ಎಂದು ಬೆಂಗಳೂರಿನ ತಂಪು ಕೋಣೆಗಳಲ್ಲಿ ಸೆಮಿನಾರು ಮಾಡುವವರು ಇನ್ನೂ ಬಾತುಕೋಳಿಯಲ್ಲೇ ಇದ್ದಾರೆ. ನಾವು ಎಮ್ಮೆಗೆ ಬಂದು ಬಹಳ ದಿನವಾಯಿತು.

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಕಲಾ ಗ್ಯಾಲರಿಯೆಂದರೆ ಸರ್ಕಲ್ಲಿನ ಫ್ಲೆಕ್ಸು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ. ನಿಷೇಧಿತ ಹಾಳೆಯ ಮೇಲೆ ನಿಷೇಧಿಸಿದವರದೇ ನಗುಮುಖ ಇರುವುದರಿಂದ ಅದನ್ನು ಕೀಳುವ ಧೈರ್ಯ ಪುರಸಭೆಗಿಲ್ಲ. ನಮ್ಮ ಮುಖಂಡರಿಗೆ ಹುಟ್ಟುಹಬ್ಬ ಬಂದಾಗಲೆಲ್ಲ ವಯಸ್ಸು ಒಂದು ವರ್ಷ ಇಳಿಯುತ್ತದೆ. ಹೋದ ವರ್ಷ ಬೊಕ್ಕತಲೆಯಿದ್ದವರಿಗೆ ಈ ವರ್ಷ ಗುಂಗುರು ಕೂದಲು. ಎಡಕ್ಕೆ ಸಿಂಹ, ಬಲಕ್ಕೆ ಮಿಂಚು, ಹಿಂದೆ ಮಧುಗಿರಿಯ ಏಕಶಿಲಾ ಬೆಟ್ಟ. ಬೆಟ್ಟ ಊರಿನ ಯಾವ ದಿಕ್ಕಿನಲ್ಲಿದೆ ಎನ್ನುವುದು ಡಿಸೈನರಿಗೆ ಸಂಬಂಧಪಟ್ಟ ವಿಷಯವಲ್ಲ. ಅಮೆರಿಕದ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರವರಿಯಲ್ಲಿ ಮುಖಪುಟಕ್ಕೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ತುಸು ಹತ್ತಿರ ತಳ್ಳಿತು. ಆ ಅಪಕೀರ್ತಿ ನಲವತ್ತು ವರ್ಷ ದಾಟಿದರೂ ಅದರ ಬೆನ್ನು ಬಿಟ್ಟಿಲ್ಲ. ನಮ್ಮ 3,930 ಅಡಿಯ ಬೆಟ್ಟ ಪ್ರತಿ ಮದುವೆ ಸೀಸನ್ನಿನಲ್ಲಿ ಎದ್ದು ಬಂದು ಕಲ್ಯಾಣ ಮಂಟಪದ ಹಿಂದೆ ನಿಂತು, ಫೋಟೋ ತೆಗೆಸಿಕೊಂಡು ಹೋಗುತ್ತದೆ. ಯಾರೂ ಒಂದು ಮಾತು ಕೇಳಿಲ್ಲ.

2024ರ ಮಾರ್ಚಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಕೇಟ್ ಮಕ್ಕಳ ಜೊತೆಗಿನ ಫೋಟೋವನ್ನು ತಾನೇ ತಿದ್ದಿ ಹೊರಬಿಟ್ಟಾಗ, ಮಗಳ ಅಂಗಿಯ ತೋಳಿನ ಅಂಚು ಸರಿಯಾಗಿ ಕೂತಿಲ್ಲವೆಂದು ಸುದ್ದಿಸಂಸ್ಥೆಗಳು ಆ ಚಿತ್ರವನ್ನೇ ವಾಪಸು ಪಡೆದವು. ತೋಳಿಗೆ ಇಷ್ಟು ರಂಪ! ನಮ್ಮ ಫ್ಲೆಕ್ಸಿನಲ್ಲಿ ಸಾಹೇಬರ ಹೆಗಲ ಮೇಲೆ ಕೈ ಹಾಕಿ ನಿಂತ ಇಡೀ ಮನುಷ್ಯನೇ ಹೊರಗಿನಿಂದ ಬಂದವನು. ಮುಂಚೆ ಮಂತ್ರಿಗಳ ಪಕ್ಕ ನಿಲ್ಲಬೇಕೆಂದರೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ವಿಧಾನಸೌಧದ ಪಡಸಾಲೆಯಲ್ಲಿ ಹಾರ ಹಿಡಿದು ಬಾಡಬೇಕಿತ್ತು. ಈಗ ಆ ಶ್ರಮವಿಲ್ಲ. ನಗುವುದಕ್ಕೇನೋ ಚೆನ್ನಾಗಿದೆ. ಆದರೆ ಅದೇ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, "ಸಾಹೇಬ್ರು ನಮ್ಮೋರೇ, ನಿಮ್ಮ ಹುಡುಗನ ಕೆಲಸ ಆಯ್ತು ಅಂದ್ಕೊಳ್ಳಿ" ಎಂದು ಯಾವನೋ ಒಬ್ಬ ಅಡ್ವಾನ್ಸ್ ಕೇಳುವ ದಿನ ಆ ನಗು ನಿಲ್ಲುತ್ತದೆ.

ಹಾಗೆಂದು ತಿದ್ದುವುದೇ ಪಾಪ ಎನ್ನುವ ಮಡಿ ನನಗಿಲ್ಲ. ಶಿರಾ ತಾಲ್ಲೂಕಿನ ಸೀಬಿ ನರಸಿಂಹಸ್ವಾಮಿ ಗುಡಿಯ ಚಾವಣಿಯಲ್ಲಿ ಹಳೆಯ ದರ್ಬಾರುಗಳ ಬಣ್ಣದ ಚಿತ್ರಗಳಿವೆ. ಅದನ್ನು ಬರೆದ ಕಲಾವಿದ ಒಡೆಯರ ಹೊಟ್ಟೆಯನ್ನು ಇದ್ದಷ್ಟೇ ಬರೆದ ಎಂದು ನಾನಂತೂ ನಂಬುವುದಿಲ್ಲ. ಸಂಬಳ ಕೊಡುವವರ ಹೊಟ್ಟೆ ಯಾವ ಕಾಲದಲ್ಲೂ ಸ್ವಲ್ಪ ಒಳಗೇ ಇರುತ್ತದೆ. ರೀಲು ಕ್ಯಾಮೆರಾದ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ ಸಿಡುಬಿನ ಕಲೆ ಅಳಿಸುತ್ತಿದ್ದರು. ಗೋಡೆಯಲ್ಲಿ ನೇತುಹಾಕಿದ ಒಂದೇ ಕೋಟನ್ನು ಊರಿನ ಗಂಡಸರೆಲ್ಲ ಸರದಿಯಲ್ಲಿ ತೊಟ್ಟು ಪಾಸ್‌ಪೋರ್ಟ್ ಸೈಜಿನಲ್ಲಿ ದೊಡ್ಡ ಮನುಷ್ಯರಾದರು. ಪರದೆಯ ಮೇಲಿನ ತಾಜಮಹಲು ನಿಜವೆಂದು ನಂಬಿ ಯಾರೂ ಆಗ್ರಾಕ್ಕೆ ಹೋದ ಲೆಕ್ಕ ತೋರಿಸಲಿಲ್ಲ.

ಇವತ್ತೂ ಈ ಕಡೆಯ ಸ್ಟುಡಿಯೋಗಳಿಗೆ ಬರುವ ಅತಿ ನೋವಿನ ಕೆಲಸವೆಂದರೆ ತೀರಿಕೊಂಡವರ ಫೋಟೋ. ಎಷ್ಟೋ ಮುದುಕಿಯರಿಗೆ ಜೀವಮಾನದಲ್ಲಿ ಇರುವುದು ಎರಡೇ ಚಿತ್ರ: ಒಂದು ವೋಟರ್ ಕಾರ್ಡಿನದು, ಇನ್ನೊಂದು ಆಧಾರಿನದು. ಎರಡರಲ್ಲೂ ಅವರು ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದಂತೆ ಕಾಣುತ್ತಾರೆ. ಹನ್ನೊಂದನೇ ದಿನದೊಳಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು. ಬೆರಳುಗುರಿನಷ್ಟು ಮಸುಕು ಮುಖವನ್ನು ಹಿಗ್ಗಿಸಿ, ಮುಚ್ಚಿದ ರೆಪ್ಪೆ ತೆರೆಸಿ, ಒಂದು ರೇಷ್ಮೆ ಸೀರೆ ಉಡಿಸಿ ಕೊಡುವ ಹುಡುಗನನ್ನು ನೀತಿಗೆಟ್ಟವನು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಬದುಕಿದ್ದಾಗ ಉಡದ ಸೀರೆ ಅದು. ಇದರಿಂದ ಮೋಸಹೋದವರು ಯಾರೂ ಇಲ್ಲ.

ತೊಂದರೆ ಬೇರೆ ಕಡೆ ಇದೆ. ಹಳೆಯ ಸ್ಟುಡಿಯೋದವನು ಇದ್ದ ಮುಖವನ್ನು ತಿದ್ದುತ್ತಿದ್ದ. ಎಐಗೆ ಮಸುಕು ಮುಖ ಕೊಟ್ಟರೆ ಅದು ಇಲ್ಲದ್ದನ್ನು ತಾನೇ ಊಹಿಸಿ ತುಂಬುತ್ತದೆ. ಎಂದೋ ಎಲ್ಲೋ ನೋಡಿದ ಕೋಟ್ಯಂತರ ಮುಖಗಳ ಸರಾಸರಿಯನ್ನು ತಂದು ಕೂರಿಸುತ್ತದೆ. ಮೂಗು ನೇರವಾಗುತ್ತದೆ, ಕೆನ್ನೆ ತುಂಬುತ್ತದೆ, ಬಣ್ಣ ನಾಲ್ಕು ಪಟ್ಟು ಬಿಳುಪಾಗುತ್ತದೆ. ಮಗ ನೋಡಿ ತಲೆ ಕೆರೆದುಕೊಳ್ಳುತ್ತಾನೆ: "ಚೆನ್ನಾಗೈತೆ ಕಣಪ್ಪ. ಆದ್ರೆ ಇದು ನಮ್ಮವ್ವ ಅಲ್ಲ. ನಮ್ಮವ್ವಂಗೆ ಸಾವ್ಕಾರ್ರ ಮನೇಲಿ ಅಕ್ಕ ಒಬ್ಳಿದ್ದಿದ್ರೆ ಹಿಂಗಿರ್ತಿದ್ಳು."

ಈ ಬಿಳುಪಿನ ಹುಚ್ಚು ನೋಡಿ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳ 13 ಸಾವಿರ ಎಕರೆಯಲ್ಲಿ ಹರಡಿಕೊಂಡ ಸೋಲಾರ್ ಪಾರ್ಕು 2,050 ಮೆಗಾವಾಟ್ ಸಾಮರ್ಥ್ಯದ್ದು. ನಮ್ಮ ಬಿಸಿಲನ್ನು ನಂಬಿಯೇ ಸರ್ಕಾರ ರೈತರಿಂದ ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಭೂಮಿ ಗುತ್ತಿಗೆ ಹಿಡಿಯಿತು. ಆ ಬಿಸಿಲು ಗಾಜಿನ ಹಲಗೆಯ ಮೇಲೆ ಬಿದ್ದರೆ ಅಭಿವೃದ್ಧಿ, ಮನುಷ್ಯನ ಮುಖದ ಮೇಲೆ ಬಿದ್ದರೆ ಡಿಫೆಕ್ಟು. ಒಂದು ಬಟನ್ ಒತ್ತಿ ತೆಗೆಯಬೇಕು.

ಬಣ್ಣದ ಮಾತು ಹಾಗಿರಲಿ, ಹಲ್ಲಿನ ಮಾತಿಗೆ ಬನ್ನಿ. ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಚಿಕ್ಕಂದಿನಿಂದ ಅದನ್ನೇ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಕೂರುತ್ತದೆ, ವಯಸ್ಸಾದಂತೆ ಮೂಳೆಗೂ ಇಳಿಯುತ್ತದೆ. ತಲೆಮಾರುಗಳಿಂದ ಸರ್ಕಾರಗಳಿಗೆ ಕೊಟ್ಟ ಅರ್ಜಿಗಳೆಲ್ಲ ಕಡತದಲ್ಲಿ ಕಳೆದುಹೋಗಿರಬಹುದು, ಈ ಅರ್ಜಿ ಮಾತ್ರ ಪ್ರತಿಯೊಬ್ಬರ ಬಾಯಲ್ಲೇ ಇತ್ತು. ಈಗ ಮದುವೆ ಆಲ್ಬಮ್ಮಿನಲ್ಲಿ, ಬಯೋಡೇಟಾದಲ್ಲಿ, ಶಾಲೆಯ ಗ್ರೂಪ್ ಫೋಟೋದಲ್ಲಿ ಎಲ್ಲರ ಹಲ್ಲೂ ಮಲ್ಲಿಗೆ. ಹುಡುಗಿ ಹುಡುಕುತ್ತಿರುವ ರೈತರ ಮನೆಯ ಹುಡುಗ ಹಲ್ಲು ಬಿಳಿ ಮಾಡಿಸಿಕೊಂಡರೆ ಅವನನ್ನು ಬೈಯುವ ಮನಸ್ಸಾಗುವುದಿಲ್ಲ. ಆದರೆ ಶುದ್ಧ ನೀರಿನ ಘಟಕ ಕೆಟ್ಟು ನಿಂತ ಊರಿನ ಮಕ್ಕಳ ನಗುವನ್ನು ಇಲಾಖೆಯ ವಾರ್ಷಿಕ ವರದಿಯ ಮುಖಪುಟಕ್ಕೆಂದು ಯಾರಾದರೂ ಇದೇ ಬಟನ್ನಿನಿಂದ ಬಿಳುಪು ಮಾಡಿದರೆ, ಅದಕ್ಕೆ ಫೋಟೋ ಎಡಿಟಿಂಗ್ ಎಂಬ ಹೆಸರು ಸಾಲದು. ಅದು ಸಾಕ್ಷ್ಯನಾಶ. ನನ್ನ ತಕರಾರೆಲ್ಲ ಇಷ್ಟೇ: ಮುಖ ನಿನ್ನದಾದರೆ ಎಷ್ಟು ಬೇಕಾದರೂ ಬಳಿದುಕೋ, ಊರಿನ ಸಾಕ್ಷಿಯನ್ನು ಮುಟ್ಟಬೇಡ.

ಸಾಕ್ಷಿಯೆಂದರೆ ಏನೆಂದು ನಮ್ಮ ಕಚೇರಿಗಳನ್ನು ಕೇಳಬೇಕು. ಒಂದು ಕಾಲದಲ್ಲಿ ಕೆಲಸ ಆಗಿದೆಯೋ ಇಲ್ಲವೋ ನೋಡಲು ಇಂಜಿನಿಯರು ಜೀಪಿನಲ್ಲಿ ಬರುತ್ತಿದ್ದ. ಎಳನೀರು ಕುಡಿದು, ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ, ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆಯುತ್ತಿದ್ದ. ಬರೆದದ್ದು ಸುಳ್ಳೇ ಇದ್ದರೂ ಆ ಸುಳ್ಳಿಗೆ ಅವನ ಚಪ್ಪಲಿಯ ಧೂಳಾದರೂ ಸಾಕ್ಷಿಯಿತ್ತು. ಈಗ ಜಿಪಿಎಸ್ ಫೋಟೋ. ಅಕ್ಷಾಂಶ, ರೇಖಾಂಶ, ತಾರೀಖು, ಸಮಯ ಎಲ್ಲ ಕೆಳಗೆ ಅಚ್ಚಾಗಿರಬೇಕು. ಮೊದಲು ಒಂದು, ನಡುವೆ ಒಂದು, ಮುಗಿದ ಮೇಲೆ ಒಂದು. ಮೂರು ಫೋಟೋ ಇದ್ದರೆ ಬಿಲ್ಲು. ಕೃಷಿ ಹೊಂಡ ಇಲ್ಲದೆ ಬಿಲ್ ಆಗಬಹುದು, ಫೋಟೋ ಇಲ್ಲದೆ ಆಗುವುದಿಲ್ಲ. ಇಂಥ ವ್ಯವಸ್ಥೆಯಲ್ಲಿ ಬುದ್ಧಿವಂತನಾದವನು ಯಾವುದನ್ನು ತಯಾರಿಸುತ್ತಾನೆ?

ನರೇಗಾ ಕೂಲಿಯವರ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೋ ತೆಗೆದು ಎನ್‌ಎಂಎಂಎಸ್ ಆ್ಯಪಿಗೆ ಹಾಕಬೇಕೆಂಬುದು 2023ರ ಜನವರಿಯಿಂದ ಬಹುತೇಕ ಎಲ್ಲ ಕಾಮಗಾರಿಗೂ ಕಡ್ಡಾಯವಾಯಿತು. ಆಮೇಲೆ ನಡೆದದ್ದನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ರಾಜ್ಯಗಳಿಗೆ ಪತ್ರ ಬರೆದು ತೋಡಿಕೊಂಡಿದೆ: ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋಗಳು, ಫೋಟೋದ ಫೋಟೋಗಳು, ಹಾಜರಿಯ ಲೆಕ್ಕಕ್ಕೂ ಚಿತ್ರದಲ್ಲಿರುವ ತಲೆಗಳಿಗೂ ತಾಳೆಯಿಲ್ಲದ ಫೋಟೋಗಳು. ಅದೇ ವರ್ಷ ನಮ್ಮದೇ ರಾಜ್ಯದ ಯಾದಗಿರಿ ಜಿಲ್ಲೆಯಲ್ಲಿ ಹೆಣ್ಣಾಳುಗಳ ಹಾಜರಿ ತುಂಬಿಸಲು ಗಂಡಸರು ಸೀರೆ ಉಟ್ಟು, ಸೆರಗು ಎಳೆದುಕೊಂಡು ಕ್ಯಾಮೆರಾ ಎದುರು ನಿಂತ ಸುದ್ದಿ ಬಂತು. ನನಗೆ ಅವರ ಮೇಲೆ ಒಂದು ಬಗೆಯ ಗೌರವವಿದೆ. ಬಿಸಿಲಿಗೆ ಹೋದರು, ಸೀರೆ ತಂದರು, ನೆರಿಗೆ ಹಿಡಿದರು. ಮೋಸಕ್ಕೂ ಮೈ ಬಗ್ಗಿಸುವ ಕೊನೆಯ ತಲೆಮಾರು ಅದು. ಮುಂದಿನವನು ಫ್ಯಾನಿನ ಕೆಳಗೆ ಕೂತು, "ಗುದ್ದಲಿ ಹಿಡಿದ ಹತ್ತು ಜನ ಹೆಂಗಸರು, ಬೆಳಗಿನ ಬಿಸಿಲು, ಬದು ನಿರ್ಮಾಣ" ಎಂದು ಟೈಪ್ ಮಾಡುತ್ತಾನೆ.

2025ರ ಡಿಸೆಂಬರಿನಲ್ಲಿ ನರೇಗಾದ ಜಾಗಕ್ಕೆ ಹೊಸ ಕಾಯ್ದೆಯೇ ಬಂದಿದೆ. ಅಕ್ರಮ ಪತ್ತೆಗೆ ಕೃತಕ ಬುದ್ಧಿಮತ್ತೆ ಬಳಸುತ್ತೇವೆ ಎನ್ನುತ್ತದೆ ಅದು. ಬಹಳ ಸಂತೋಷ. ಚಿತ್ರ ಹುಟ್ಟಿಸುವುದೂ ಯಂತ್ರ, ಅದನ್ನು ಪರೀಕ್ಷಿಸಿ ಪಾಸು ಮಾಡುವುದೂ ಯಂತ್ರ. ಇಬ್ಬರಿಗೂ ವರ್ಷವಿಡೀ ಕೆಲಸ ಖಾತ್ರಿ. ಗುದ್ದಲಿ ಹಿಡಿದವನು ಮಾತ್ರ ಪಂಚಾಯ್ತಿ ಕಟ್ಟೆಯ ಮೇಲೆ ಕೂತಿರುತ್ತಾನೆ.

ಕೆರೆಯ ವಿಚಾರದಲ್ಲಿ ನಮಗಿಂತ ಮಧ್ಯಪ್ರದೇಶ ಒಂದು ಹೆಜ್ಜೆ ಮುಂದೆ ಹೋಯಿತು. ಖಂಡ್ವಾ ಜಿಲ್ಲೆಗೆ 2025ರ ನವೆಂಬರಿನಲ್ಲಿ ಜಲಸಂರಕ್ಷಣೆಗೆಂದು ರಾಷ್ಟ್ರಮಟ್ಟದ ಪ್ರಶಸ್ತಿ ಬಂತು, ಜೊತೆಗೆ 2 ಕೋಟಿ ರೂಪಾಯಿ. ಬೆನ್ನಿಗೇ, ಪೋರ್ಟಲ್ಲಿಗೆ ಎಐ ಚಿತ್ರಗಳನ್ನು ಹಾಕಿದ್ದಾರೆಂಬ ಗದ್ದಲ ಎದ್ದಿತು. ಅಧಿಕಾರಿಗಳ ಸಮಜಾಯಿಷಿ ಹೀಗಿತ್ತು: ಅಂಥ ಕೆಲವು ಚಿತ್ರಗಳು ಸೇರಿದ್ದು ಹೌದು, ಆದರೆ ಅವು ಬೇರೆ ಪೋರ್ಟಲ್ಲಿನಲ್ಲಿದ್ದವು, ಪ್ರಶಸ್ತಿಗೆ ನೋಡಿದ ಪೋರ್ಟಲ್ಲೇ ಬೇರೆ. ಇರಬಹುದು, ಪ್ರಶಸ್ತಿಯ ಬಗ್ಗೆ ನಾನು ತಕರಾರು ತೆಗೆಯುವುದಿಲ್ಲ. ಇಲ್ಲದ ಕೆರೆ ತುಂಬಿಸುವವರು ಯಾವ ಪೋರ್ಟಲ್ಲಿಗೆ ತುಂಬಿಸಬೇಕೆಂಬುದನ್ನು ಸರಿಯಾಗಿ ನೋಡಿಕೊಳ್ಳಬೇಕೆಂಬ ಪಾಠ ಮಾತ್ರ ಎಲ್ಲ ಜಿಲ್ಲೆಗಳಿಗೂ ತಲುಪಿದೆ.

ಇನ್ನೊಂದು ಕಡೆಯ ತಮಾಷೆ ಕೇಳಿ. ಸುಳ್ಳು ಮುಖಗಳನ್ನು ಹೀಗೆ ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಸರ್ಕಾರ ನಿಜವಾದ ಮುಖದ ಮುಂದೆ ಮಾತ್ರ ಮಹಾ ಸಂಶಯಗ್ರಸ್ತ. 2025ರ ಜುಲೈನಿಂದ ಅಂಗನವಾಡಿಯ ಪೌಷ್ಟಿಕ ಆಹಾರ ಮನೆಗೆ ಒಯ್ಯಬೇಕಾದರೆ ಬಸುರಿ, ಬಾಣಂತಿಯರು ಪೋಷಣ್ ಟ್ರ್ಯಾಕರ್ ಆ್ಯಪಿಗೆ ಮುಖ ತೋರಿಸಬೇಕು. ಆಧಾರಿನ ಮುಖಕ್ಕೆ ಅದು ತಾಳೆಯಾಗಬೇಕು. ಹದಿನೆಂಟರ ಹುಡುಗಿಯಾಗಿದ್ದಾಗ ತೆಗೆಸಿದ ಆಧಾರ್ ಫೋಟೋಗೂ ಎರಡನೇ ಹೆರಿಗೆಯಾದ ಹೆಂಗಸಿಗೂ ಹೋಲಿಕೆ ಹುಡುಕುತ್ತಾ ಫೋನು ಗಿರಗಿರ ತಿರುಗುತ್ತದೆ. "ಸ್ವಲ್ಪ ಬೆಳಕಿಗೆ ಬನ್ನಿ ಅಕ್ಕಾ, ರೆಪ್ಪೆ ಮಿಟುಕಿಸಿ, ಇನ್ನೊಂದ್ಸಲ" ಎಂದು ಅಂಗನವಾಡಿ ಟೀಚರು ಗೋಗರೆಯುತ್ತಾರೆ. ನೆಟ್‌ವರ್ಕಿಗಾಗಿ ಇಬ್ಬರೂ ಗುಡಿಯ ಜಗುಲಿ ಹತ್ತುತ್ತಾರೆ. ಬೊಕ್ಕತಲೆಗೆ ಕೂದಲು ಬಂದ ಮುಖಂಡನನ್ನು ಇಡೀ ತಾಲ್ಲೂಕು ಗುರುತಿಸುತ್ತದೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಎದುರಿಗೇ ನಿಂತ ತಾಯಿ ತಾನೇ ಹೌದೆಂದು ಸಾಬೀತು ಮಾಡಬೇಕು.

ನಗೆ ಬಿಟ್ಟು ಹೇಳಬೇಕಾದ ಒಂದು ವಿಷಯವಿದೆ. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿ ಹರಿಬಿಟ್ಟರು. ಎರಡು ತಿಂಗಳ ಬಳಿಕ ದೆಹಲಿ ಪೊಲೀಸರು ಆಂಧ್ರದ ಗುಂಟೂರಿನಲ್ಲಿ ಒಬ್ಬ ಎಂಜಿನಿಯರನ್ನು ಹಿಡಿದಾಗ ಗೊತ್ತಾದದ್ದು, ಆತ ನಟಿಯ ಹೆಸರಿನಲ್ಲೇ ಅಭಿಮಾನಿ ಪುಟ ನಡೆಸುತ್ತಿದ್ದ. ಫಾಲೋವರುಗಳು ಹೆಚ್ಚಲೆಂದು ಈ ಕೆಲಸ ಮಾಡಿದ್ದ. ಅಭಿಮಾನಿಯೇ ಇಷ್ಟು ಮಾಡಿದರೆ ಹಗೆಯವನು ಏನು ಮಾಡಿಯಾನು? ಆಕೆಗೆ ಹೆಸರಿತ್ತು, ದೇಶವೇ ಮಾತಾಡಿತು, ಕೇಂದ್ರದ ಮಂತ್ರಿಗಳೂ ಬಾಯಿ ಬಿಟ್ಟರು. ಮಿಡಿಗೇಶಿಯಿಂದ ಮಧುಗಿರಿ ಕಾಲೇಜಿಗೆ ಬಸ್ಸಿನಲ್ಲಿ ಬರುವ ಹುಡುಗಿಯ ಡಿ.ಪಿ. ತೆಗೆದು ಯಾವನೋ ಅದೇ ಕೆಲಸ ಮಾಡಿದರೆ ಏನಾಗುತ್ತದೆ? ಮೊದಲು ಅವಳ ಫೋನು ಕಿತ್ತುಕೊಳ್ಳುತ್ತಾರೆ. ಆಮೇಲೆ ಕಾಲೇಜು ಬಿಡಿಸುತ್ತಾರೆ. ಆಮೇಲೆ ಗಂಡು ಹುಡುಕುತ್ತಾರೆ. ಚಿತ್ರ ತಿದ್ದಿದವನು ಆ ಹೊತ್ತಿಗೆ ಪಾನ್ ಶಾಪಿನ ಮುಂದೆ ಮುಂದಿನ ಡಿ.ಪಿ. ನೋಡುತ್ತಿರುತ್ತಾನೆ. ಸಾಲದ ಆ್ಯಪುಗಳ ವಸೂಲಿಯವರೂ ಕಂತು ತಪ್ಪಿದ ಹೆಂಗಸರ ಚಿತ್ರಗಳನ್ನು ಕೆಡಿಸಿ ನೆಂಟರಿಗೆಲ್ಲ ಕಳಿಸುವ ವಿದ್ಯೆಯನ್ನು ಇದರಿಂದಲೇ ಸುಲಭ ಮಾಡಿಕೊಂಡಿದ್ದಾರೆ.

ರಾಜ್ಯದ ಗೃಹ ಖಾತೆಯನ್ನು ನಮ್ಮ ಕೊರಟಗೆರೆಯ ಶಾಸಕರಾದ ಜಿ. ಪರಮೇಶ್ವರ ಅವರು ಒಂದಲ್ಲ, ಎರಡಲ್ಲ, ಮೂರು ಸರ್ಕಾರಗಳಲ್ಲಿ ನೋಡಿದವರು. ಅಂಥ ಹೆಮ್ಮೆಯ ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಠಾಣೆ ತುಮಕೂರಿನಲ್ಲಿದೆ. ಪಾವಗಡದಿಂದ ಅಲ್ಲಿಗೆ ನೂರು ಕಿಲೋಮೀಟರಿನಷ್ಟು ದಾರಿ. ಹುಡುಗಿಯ ಅಪ್ಪ ಕೂಲಿ ಬಿಟ್ಟು ಬಸ್ ಹತ್ತುವ ಹೊತ್ತಿಗೆ ಚಿತ್ರ ದುಬೈ ಮುಟ್ಟಿರುತ್ತದೆ.

ಕಾನೂನಿಲ್ಲವೆಂದಲ್ಲ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ನಿಯಮದ ಪ್ರಕಾರ ಎಐ ಹುಟ್ಟಿಸಿದ ಚಿತ್ರಕ್ಕೆ ಹಾಗೆಂದು ಗುರುತು ಹಾಕಬೇಕು. ಅಧಿಕಾರಿಗಳೋ ನ್ಯಾಯಾಲಯವೋ ಆದೇಶಿಸಿದರೆ ಜಾಲತಾಣಗಳು ಮೂರು ಗಂಟೆಯೊಳಗೆ ತೆಗೆಯಬೇಕು. ಬೆಳಕು ಹೆಚ್ಚಿಸುವುದು, ಬಣ್ಣ ಸರಿಪಡಿಸುವುದರಂಥ ಮಾಮೂಲಿ ಕೆಲಸಕ್ಕೆ ಗುರುತು ಬೇಡ. ಅದು ವಿವೇಕದ ಮಾತೇ. ಆದರೆ ಈ ನಿಯಮ ಜಾಲತಾಣಕ್ಕೆ, ವಿದ್ಯುತ್ ಕಂಬಕ್ಕಲ್ಲ. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಗುರುತು ಹಾಕಲು ಜಾಗವಾದರೂ ಎಲ್ಲಿದೆ? ಕೆಳಮೂಲೆಯಲ್ಲಿ ಪ್ರಿಂಟರಿನವನ ಫೋನ್ ನಂಬರು, ಮೇಲ್ಮೂಲೆಯಲ್ಲಿ ದೇವರು, ಉಳಿದ ಕಡೆಯೆಲ್ಲ ಶುಭಕೋರುವವರು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ, ಶಿರಾ ಹತ್ತಿರದ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವುಗಳಿಗಾಗಿ ಗಂಟೆಗಟ್ಟಲೆ ಮಂಡಿಯೂರಿ ಕೂರುವ ಛಾಯಾಗ್ರಾಹಕರಿಗೆ ಈಗ ಹೊಸ ಕಾಟ: ತೆಗೆದದ್ದು ಚೆನ್ನಾಗಿದ್ದರೆ "ಎಐನಾ?" ಎಂದು ಕೇಳುತ್ತಾರೆ. ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ 2024ರಲ್ಲಿ ಬೇಕೆಂದೇ, ತಾನು ನಿಜವಾಗಿ ತೆಗೆದ ರಾಜಹಂಸದ ಚಿತ್ರವನ್ನು ಒಂದು ಅಂತರರಾಷ್ಟ್ರೀಯ ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿದ. ಬಹುಮಾನ ಬಂತು. ನಿಜ ಹೇಳಿದ, ಅನರ್ಹನಾದ.

ಅವನು ಕಳೆದುಕೊಂಡದ್ದು ಒಂದು ಬಹುಮಾನ. ನಮ್ಮ ಹಳ್ಳಿಯವನು ಕಳೆದುಕೊಳ್ಳುವುದು ತನ್ನ ಕೈಯಲ್ಲಿದ್ದ ಒಂದೇ ಅಸ್ತ್ರವನ್ನು. ರಸ್ತೆ ಕಿತ್ತುಹೋಗಿದೆ, ಚೆಕ್ ಡ್ಯಾಂ ಮೊದಲ ಮಳೆಗೇ ಬಿರಿದಿದೆ, ಶಾಲೆಯ ಸೂರು ಸೋರುತ್ತಿದೆ ಎಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಮೊದಲೆಲ್ಲ ಕಚೇರಿಯವರು ಒಂದು ದಿನವಾದರೂ ಕಸಿವಿಸಿಪಡುತ್ತಿದ್ದರು. ಈಗ ಉತ್ತರ ಸಿದ್ಧ: "ಎಐ ಕಣ್ರೀ ಅದು. ನಮ್ಮ ಹತ್ರ ಜಿಪಿಎಸ್ ಫೋಟೋ ಇದೆ, ನೋಡಿ, ರಸ್ತೆ ಕನ್ನಡಿ ಥರ ಇದೆ." ಸಿಕ್ಕಿಬಿದ್ದ ದೊಡ್ಡವರೆಲ್ಲರಿಗೂ ಫೀಸು ಕೇಳದ ಒಬ್ಬ ವಕೀಲ ಸಿಕ್ಕಿದ್ದಾನೆ. ಕಳ್ಳ ಚಿತ್ರ ದಾಖಲೆಯಾಗಿ, ಸಾಚಾ ಚಿತ್ರ ಆರೋಪಿಯಾಗಿ ನಿಂತ ಮೇಲೆ ಸಾಕ್ಷಿ ಹೇಳಲು ಉಳಿಯುವುದು ರಸ್ತೆಯೊಂದೇ, ಕೆರೆಯೊಂದೇ. ಅವು ಕಚೇರಿಗೆ ನಡೆದು ಬರಲಾರವು, ನಾವೇ ಹೋಗಬೇಕು.

ಆದ್ದರಿಂದ ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ವರ್ಷದಲ್ಲಿ ಬಿಲ್ ಆದ ಕಾಮಗಾರಿಗಳ ಫೋಟೋಗಳನ್ನೆಲ್ಲ ಪಂಚಾಯ್ತಿಯ ಗೋಡೆಗೆ ಅಂಟಿಸಿ ಎಂದು ಪಿಡಿಒ ಅವರನ್ನು ಕೇಳಿ. ಅಂಟಿಸಿದರೆ ಪ್ರತಿ ಒಕ್ಕಲೂ ತನ್ನ ಹೊಲದ ಬದು, ತನ್ನ ಬೀದಿಯ ಚರಂಡಿ ಯಾವುದೆಂದು ಗುರುತು ಹಿಡಿಯಲಿ; ಸಿಗದಿದ್ದರೆ ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಲಿ. ಅಂಟಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಶುಲ್ಕ ಹತ್ತು ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ.